ಎಂಟನೆಯ ಕೆಂಪು ಚಿಂದಿ

"ನಾಲ್ಕಕ್ಕೆ ಸರಿಯಾಗಿ ಬುಡಕ್ಕೆ ಗರಗಸ ಇಡ್ತಾರೆ," ಎಂದರು ಚಿಕ್ಕಪ್ಪ. "ಇನ್ನು ಮಾತು ಬೇಡ. ಮನೆಗೆ ಹೋಗು ಮಗಳೇ."

ಅವಳು ಹೋಗಲಿಲ್ಲ. ಹೆಗಲಿನಿಂದ ಹಗ್ಗದ ಸುರುಳಿಯನ್ನು ಇಳಿಸಿ ಹುಲ್ಲಿನ ಮೇಲೆ ಹಾಕಿದಳು. ಬೆಳಿಗ್ಗೆಯಷ್ಟೇ ಅಟ್ಟದಿಂದ ಇಳಿಸಿದ ಹಗ್ಗ, ಅಪ್ಪನ ಕಾಲದ್ದು. ಒಳ್ಳೆಯ ಹಗ್ಗ, ಮೈಯನ್ನು ಕೊಂಬೆಗೆ ಕಟ್ಟಿಕೊಳ್ಳುವ ಗಿಡ್ಡ ಹಗ್ಗ, ಮೂರು ಗರಗಸ, ಅವಳ ಫೋನು, ಎಲ್ಲವೂ ಪೊಲೀಸ್ ಸ್ಟೇಷನ್ನಿನ ಮೂಲೆಯಲ್ಲಿ ಚೀಟಿ ಅಂಟಿಸಿಕೊಂಡು ಬಿದ್ದಿದ್ದವು. ಅವುಗಳ ಆಚೆಯ ಕೋಣೆಯಲ್ಲಿ ಅವಳ ತಮ್ಮನಿದ್ದ.

ಆರು ದಿನಗಳ ಹಿಂದೆ ಇದೇ ಮಳೆಮರದ ಕೊಂಬೆ ಮುರಿದು, ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ ಮನೆಯ ಯಜಮಾನರನ್ನು ಕೊಂದಿತ್ತು. ಕೊಂಬೆಯಲ್ಲಿ ಗರಗಸದ ಗುರುತು ಕಂಡಿತ್ತು. ಅದಕ್ಕೂ ಹದಿನೈದು ದಿನ ಮೊದಲು ಆ ಮರದ ರೆಂಬೆಗಳನ್ನು ಸವರಿದವರು ಅಕ್ಕ ತಮ್ಮ ಇಬ್ಬರೇ. ಪೊಲೀಸರು ಪ್ರಶ್ನೆ ಮುಗಿಸುವ ಮೊದಲೇ ತಮ್ಮ ಒಪ್ಪಿಕೊಂಡಿದ್ದ: ಮೇಲಿದ್ದವನು ನಾನೇ, ಅರ್ಧ ಕೊಯ್ದು ಮರೆತುಬಿಟ್ಟೆ.

ಅದು ಸುಳ್ಳು. ತಮ್ಮ ಏಣಿಯ ನಾಲ್ಕನೇ ಮೆಟ್ಟಿಲಿಗೇ ಕಣ್ಣು ಮುಚ್ಚಿಕೊಳ್ಳುವವನು. ಹದಿನೆಂಟು ವರ್ಷಗಳಿಂದ ಮರ ಹತ್ತುವವಳು ಅವಳು, ಕೆಳಗೆ ನಿಂತು ಹಗ್ಗ ಹಿಡಿಯುವವನು ಅವನು.

"ಚಿಕ್ಕಪ್ಪಾ, ಒಂದು ಗಂಟೆ ಕೊಡಿ ಸಾಕು. ಆ ಕೊಯ್ತದ ಮುಖ ನೋಡಿ ಇಳೀತೀನಿ."

"ನೋಡಿ?"

"ಹಳೇ ಕೊಯ್ತವೋ ಹೊಸದೋ ನನಗೆ ಗೊತ್ತಾಗುತ್ತೆ. ನಿಮಗೂ ಗೊತ್ತಾಗುತ್ತೆ. ಅಪ್ಪ ನಮಗೆ ಕಲಿಸಿದ್ದು ಬೇರೆ ಬೇರೆಯಾ?"

ಚಿಕ್ಕಪ್ಪ ಮರದ ಕಡೆ ನೋಡಿದರು. ಒಂದು ಕಾಲಕ್ಕೆ ಅಪ್ಪನ ಜೊತೆ ಮರ ಹತ್ತುತ್ತಿದ್ದವರು. ಒಂಬತ್ತು ವರ್ಷಗಳ ಹಿಂದೆ ಬಿದ್ದು ಬಲಗಾಲು ಮಡಚಲಾಗದಂತಾದ ಮೇಲೆ ನಗರಪಾಲಿಕೆಯಲ್ಲಿ ಮರಗಳ ಅಧಿಕಾರಿಯಾಗಿ ಸೇರಿದ್ದರು. ಯಾವ ಮನೆಯ ಯಾವ ಮರ ಉಳಿಯಬೇಕು, ಯಾವುದು ಉರುಳಬೇಕು ಎಂದು ಬರೆದುಕೊಡುವುದು ಅವರ ಕೆಲಸ. ಈ ಮರಕ್ಕೂ ಅವರೇ ಬರೆದಿದ್ದರು. ಅಪಾಯಕಾರಿ, ತಕ್ಷಣ ಕಡಿಯತಕ್ಕದ್ದು.

ಮರದ ಕಾಂಡಕ್ಕೆ ಪಾಲಿಕೆಯ ಕೆಂಪು ಬಟ್ಟೆ ಸುತ್ತಿತ್ತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅಚ್ಚೊತ್ತಿದ ಸಂಖ್ಯೆ. ಅವಳು ಅದರ ಗಂಟನ್ನು ನೋಡಿದಳು. ಎರಡು ಸುತ್ತು ಸುತ್ತಿ, ಬಾಲವನ್ನು ಅಡಿಯಿಂದ ಹಿಂದಕ್ಕೆ ತೂರಿಸಿದ ಗಂಟು. ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈ ಮತ್ತು ಹಲ್ಲಿನಿಂದ ಹಾಕಬಹುದಾದ, ಒಂದೇ ಎಳೆತಕ್ಕೆ ಬಿಚ್ಚಬಹುದಾದ ಅಪ್ಪನ ಗಂಟು. ಅದನ್ನು ಅಪ್ಪ ಚಿಕ್ಕಪ್ಪ, ಅವಳು, ತಮ್ಮ, ಈ ಮೂವರಿಗೆ ಮಾತ್ರ ಕಲಿಸಿದ್ದ.

"ನೆಲದ ಮೇಲೆ ನಿಂತೂ ಅದೇ ಗಂಟು ಹಾಕ್ತೀರಲ್ಲ," ಎಂದಳು, ನಗಲು ನೋಡಿ.

"ಕೈಗೆ ಬೇರೆ ಬರಲ್ಲ," ಎಂದರು ಚಿಕ್ಕಪ್ಪ. ಅವರೂ ನಕ್ಕರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡು, ಆ ದಿನ ಮೇಲಿದ್ದವಳು ನೀನು. ನಾನೇನು ಹೊರಗಿನವನಾ, ನನಗೆ ಗೊತ್ತಿಲ್ವಾ? ನಿನಗೆ ತಲೆ ಸುತ್ತಿ ಬಂತು ಅಂತ ನಿನ್ನ ತಮ್ಮನೇ ಫೋನ್ ಮಾಡಿ ಹೇಳಿದ್ದ. ಕೊಯ್ತ ಹಳೇದು ಅಂತ ಆದ್ರೆ ಏನ್ ಮಾಡ್ತೀಯ? ಆ ಮನುಷ್ಯನನ್ನ ಕೊಂದಿದ್ದು ನಾನೇ ಅಂತ ತಿಳ್ಕೊಂಡು ಬದುಕ್ತೀಯಾ?"

ಆರು ರಾತ್ರಿಗಳಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಬೇರೆಯವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

"ಅವನು ನಿನ್ನನ್ನ ಉಳಿಸೋಕೆ ಒಳಗೆ ಕೂತಿದ್ದಾನೆ," ಚಿಕ್ಕಪ್ಪ ಮುಂದುವರಿಸಿದರು. "ಅಷ್ಟು ಮಾಡಿದ್ದನ್ನ ನೀನು ಮಣ್ಣುಪಾಲು ಮಾಡ್ತೀಯಾ?"

ದಪ್ಪ ಕೊಂಬೆಯನ್ನು ಒಂದೇ ಸಲಕ್ಕೆ ಮೇಲಿನಿಂದ ಕೊಯ್ಯುವುದಿಲ್ಲ. ಹಾಗೆ ಮಾಡಿದರೆ ಅದು ತನ್ನ ಭಾರಕ್ಕೇ ಮುರಿದು, ಮರದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುತ್ತದೆ. ಮೊದಲು ಅಡಿಯಿಂದ ಒಂದು ಕೊಯ್ತ, ಆಮೇಲೆ ತುಸು ಆಚೆಗೆ ಮೇಲಿನಿಂದ ಇನ್ನೊಂದು. ಅಡಿಯ ಕೊಯ್ತ ಬಿದ್ದ ಕೊಂಬೆ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದನ್ನು ನಂಬಿ ಕಾಲಿಡುವಂತಿಲ್ಲ. ಅದಕ್ಕೇ ಅಪ್ಪನ ನಿಯಮ: ಅಡಿಯಿಂದ ಕೊಯ್ದ ಕೂಡಲೇ, ಗರಗಸ ಕೈಯಿಂದ ಬಿಡುವ ಮೊದಲೇ, ಕೊಯ್ತಕ್ಕಿಂತ ಈಚೆ, ಕಾಂಡದ ಕಡೆಗೆ, ಒಂದು ಕೆಂಪು ಚಿಂದಿ ಕಟ್ಟಬೇಕು. ಹಿಂದಿನಿಂದ ಬರುವವರಿಗೆ ಮೊದಲು ಅದು ಕಾಣಬೇಕು. ಬೆಳಿಗ್ಗೆ ಏಳು ಚಿಂದಿ ಎಣಿಸಿಕೊಂಡು ಮರ ಹತ್ತು, ಇಳಿದ ಮೇಲೆ ಏಳು ಎಣಿಸು. ಏಳೂ ಕೈಗೆ ಬರುವವರೆಗೆ ಯಾರೂ ಊಟಕ್ಕೆ ಕೂರುವಂತಿಲ್ಲ.

ಆ ದಿನದ ಏಳೂ ಚೀಲದಲ್ಲೇ ಇದ್ದವು. ಅವಳು ನೂರು ಸಲ ಎಣಿಸಿದ್ದಳು. ಆದರೆ ಅದರಿಂದ ಏನು ಬಂತು? ಕೊಯ್ದು, ಚಿಂದಿ ಕಟ್ಟುವ ಮೊದಲೇ ತಲೆ ಸುತ್ತಿದ್ದರೆ? ಅವಳಿಗೆ ನೆನಪಿದ್ದದ್ದು ಇಷ್ಟೇ: ಕೈಯಲ್ಲಿ ಗರಗಸ, ಎಲೆಗಳ ನಡುವಿನ ಬಿಸಿಲು ಒಮ್ಮೆಲೇ ಬೆಳ್ಳಗಾದದ್ದು, ಕೆಳಗೆ ತಮ್ಮನ ತೋಳು.

ನಡುವೆ ಏನು ಮಾಡಿದ್ದೆ? ನೆನಪಿನ ಆ ಜಾಗದಲ್ಲಿ ಏನೂ ಇರಲಿಲ್ಲ.

"ಹತ್ತುತೀನಿ ಚಿಕ್ಕಪ್ಪ. ನಾನೇ ಅಂತಾದ್ರೆ ನಾನೇ ಒಳಗೆ ಹೋಗ್ತೀನಿ. ಅವನನ್ನ ಹೊರಗೆ ಕರ್ಕೊಂಡು ಬರ್ತೀನಿ."

ಚಿಕ್ಕಪ್ಪ ಅವಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವಳಿಂದ ದೂರಕ್ಕೆ, ರಸ್ತೆಯಲ್ಲಿ ನಿಂತಿದ್ದ ಲಾರಿಯ ಕಡೆಗೆ ನೋಡಿದರು. "ಅನುಮತಿ ಕೊಡೋದು ನನ್ನ ಕೈಲಿಲ್ಲ. ಇನ್ಸ್‌ಪೆಕ್ಟರನ್ನ ಕೇಳು," ಎಂದರು.

ಇನ್ಸ್‌ಪೆಕ್ಟರ್ ಜಗುಲಿಯ ಮೇಲೆ ಟೀ ಕುಡಿಯುತ್ತಿದ್ದ. ಪಕ್ಕದಲ್ಲಿ ತೀರಿಕೊಂಡವರ ಮಗ, ಕಂಕುಳಲ್ಲಿ ನಕ್ಷೆಯ ಸುರುಳಿ. ಮರವಿರುವ ಜಾಗದಲ್ಲಿ ಇನ್ನೊಂದು ಮನೆ ಕಟ್ಟಬೇಕೆಂದು ಅವನು ಎರಡು ವರ್ಷದಿಂದ ಹಠ ಹಿಡಿದಿದ್ದ, ಅವನ ಅಪ್ಪ ಬಿಟ್ಟಿರಲಿಲ್ಲ. ಅಪ್ಪ ಹೋಗಿ ಆರು ದಿನವಾಗಿತ್ತು, ನಕ್ಷೆ ಆಗಲೇ ಹೊರಬಂದಿತ್ತು.

"ಏನಮ್ಮಾ, ನಿಮ್ಮ ಮನೇಲಿ ಎಲ್ಲರಿಗೂ ಮರ ಹತ್ತೋ ಚಟವಾ?" ಎಂದ ಇನ್ಸ್‌ಪೆಕ್ಟರ್.

"ಸಾರ್, ಆ ಕೊಯ್ತವನ್ನ ನಿಮ್ಮವರು ಹತ್ತಿರದಿಂದ ನೋಡಿದ್ರಾ?"

"ಏಣಿ ಅಷ್ಟೆತ್ತರ ಮುಟ್ಟಲಿಲ್ಲ. ಕೆಳಗಿಂದ ಫೋಟೋ ತೆಗೆದಿದ್ದೀವಿ. ಬಿದ್ದ ಕೊಂಬೆ ಸ್ಟೇಷನ್ ಅಂಗಳದಲ್ಲಿದೆ. ನಿನ್ನ ತಮ್ಮ ಒಪ್ಪಿಕೊಂಡಿದ್ದಾನೆ. ಮತ್ತೇನು ಬೇಕು?"

"ಹತ್ತಬಾರದು," ಎಂದ ಮಗ. "ಇನ್ನೊಂದು ಕೊಂಬೆ ಮುರಿದ್ರೆ ಯಾರು ಜವಾಬ್ದಾರಿ? ಇವರ ಕೆಲಸ ನೋಡಿದ್ದೀವಲ್ಲ."

ಅವಳು ಆ ಮಾತನ್ನು ನುಂಗಿಕೊಂಡಳು. "ಸಾರ್, ಕೊಯ್ತ ನಾವು ಸವರಿದ ದಿನದ್ದಲ್ಲ ಅಂತ ತೋರಿಸಿದ್ರೆ?"

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟ. ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ.

"ಯೋಚನೆ ಮಾಡಿ ಮಾತಾಡು. ಈಗ ಇದು ಮರೆವು. ಒಂದೆರಡು ವರ್ಷದಲ್ಲಿ ಹೊರಗೆ ಬರ್ತಾನೆ. ಕೊಯ್ತ ಆಮೇಲಿನದು ಅಂತಾದ್ರೆ ಮರೆವು ಅಲ್ಲ, ಕೊಲೆ. ಆಗ ನಾನು ಮೊದಲು ಹಿಡಿಯೋದು ಮರ ಹತ್ತಿ ಗರಗಸ ಹಿಡಿಯೋಕೆ ಬರೋರನ್ನೇ. ನಾನೇ ಮೇಲಿದ್ದೆ ಅಂತ ಬೇರೆ ಬರೆದುಕೊಟ್ಟಿದ್ದಾನೆ ನಿನ್ನ ತಮ್ಮ."

ಹಳೆಯದಾದರೆ ಅವಳು. ಹೊಸದಾದರೆ ತಮ್ಮ. ಯಾವ ಕಡೆ ಕಾಲಿಟ್ಟರೂ ಕುಸಿಯುವ ಜಾಗ. ಒಂದು ಕ್ಷಣ ಅವಳಿಗೆ ಚಿಕ್ಕಪ್ಪನ ಮಾತು ಕೇಳಿ ಮನೆಗೆ ಹೋಗಿಬಿಡುವಾ ಅನ್ನಿಸಿತು.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ತಮ್ಮ ಸರಳುಗಳ ಹಿಂದೆ ನಿಂತು ಒಂದೇ ಮಾತು ಹೇಳಿದ್ದ: "ಅಕ್ಕಾ, ನೀನು ಕೆಳಗಿದ್ದೆ. ನೆನಪಿಟ್ಕೋ." ಅವಳು ಬಾಯಿ ತೆರೆಯುವ ಮೊದಲೇ ಕೈ ಹೊರಗೆ ಚಾಚಿ ಅವಳ ಅಂಗಿಯ ತೋಳನ್ನು ಎರಡು ಸಲ ಜಗ್ಗಿದ್ದ.

ಅದು ಅವರ ಮನೆಯ ಮಾತು. ಮರದ ಮೇಲಿಂದ ಕೂಗಿದರೆ ಕೆಳಗೆ ಕೇಳಿಸುವುದಿಲ್ಲ ಎಂದು ಅಪ್ಪ ಹಗ್ಗಕ್ಕೆ ಮಾತು ಕಲಿಸಿದ್ದ. ಕೆಳಗಿನವನು ಮೂರು ಸಲ ಜಗ್ಗಿದರೆ, ಇಳಿ. ಎರಡು ಸಲ ಜಗ್ಗಿದರೆ, ಹಿಡಿದಿದ್ದೀನಿ. ಒಂದೇ ಸಲ ಜಗ್ಗಿದರೆ, ಹಗ್ಗ ಬಿಡ್ತಿದ್ದೀನಿ. ಹದಿನೆಂಟು ವರ್ಷ ಅಕ್ಕ ತಮ್ಮ ಕೆಲಸದ ಹೊತ್ತಿನಲ್ಲಿ ಬೇರೆ ಮಾತು ಆಡಿದ್ದೇ ಕಡಿಮೆ. ಮನೆಗೆ ಬಂದ ಮೇಲೂ ಆ ಮೌನ ಹಾಗೇ ಮುಂದುವರಿಯುತ್ತಿತ್ತು, ಊಟದ ತಟ್ಟೆಗಳ ನಡುವೆ, ಒಬ್ಬರಿಗೊಬ್ಬರು ಭಾರವಾಗದಂತೆ.

ಲಾಕಪ್ಪಿನ ಸರಳಿನ ಹಿಂದಿನಿಂದಲೂ ಹಿಡಿದಿದ್ದೀನಿ ಎನ್ನುವವನನ್ನು ಬಿಟ್ಟು ಯಾವ ಮನೆಗೆ ಹೋಗುವುದು?

"ಹತ್ತುತೀನಿ ಸಾರ್."

"ಹತ್ತಲಿ," ಎಂದಿತು ಬಾಗಿಲಿನ ಒಳಗಿನ ದನಿ.

ಯಜಮಾನರ ಹೆಂಡತಿ ಹೊಸ್ತಿಲ ಮೇಲೆ ನಿಂತಿದ್ದರು. ಆರು ದಿನದಲ್ಲಿ ಆಕೆ ಅರ್ಧವಾಗಿದ್ದರು. "ಅವರಿದ್ದಿದ್ರೆ ಬೇಡ ಅಂತಿರಲಿಲ್ಲ. ಈ ಹುಡುಗಿ ಸವರಿದ ಮೇಲೆ ಮರ ತಲೆ ಬಾಚಿಸ್ಕೊಂಡ ಹಾಗಿದೆ ಅಂತ ದಿನಾ ಹೇಳೋರು."

"ಅಮ್ಮಾ, ನೀನು ಒಳಗಿರು," ಎಂದ ಮಗ.

"ಒಳಗಿದ್ದೂ ಇದ್ದೂ ಸಾಕಾಗಿದೆ ಕಣೋ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. ಮೂರು ಗಂಟೆಗೆ ಐದು ನಿಮಿಷವಿತ್ತು. "ಮೂರೂಮುಕ್ಕಾಲಿಗೆ ನೀನು ನೆಲದ ಮೇಲಿರಬೇಕು. ಅಷ್ಟೇ. ಹಗ್ಗ ಯಾರು ಹಿಡೀತಾರೆ?"

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಹಗ್ಗದ ಕೊನೆಯಲ್ಲಿ ಯಾವಾಗಲೂ ತಮ್ಮನಿರುತ್ತಾನೆ. ಅದು ನೆಲ ಇದ್ದ ಹಾಗೆ, ಯಾರೂ ಯೋಚಿಸುವ ವಿಷಯವಲ್ಲ.

"ನಾನು ಹಿಡೀತೀನಿ," ಎಂದರು ಚಿಕ್ಕಪ್ಪ ಹಿಂದಿನಿಂದ. ಕುಂಟುತ್ತ ಬಂದು ಹುಲ್ಲಿನ ಮೇಲಿದ್ದ ಸುರುಳಿಯನ್ನು ಎತ್ತಿಕೊಂಡರು. "ಹಟಮಾರಿ ಹೆಣ್ಣು, ಥೇಟ್ ನಿಮ್ಮಪ್ಪ. ಕಾಲಿಲ್ಲದಿದ್ರೇನು, ಕೈ ಇದೆಯಲ್ಲ."

ಆರು ದಿನದಲ್ಲಿ ಮೊದಲ ಸಲ ಅವಳಿಗೆ ಅಳು ಬಂತು. ಅವಳು ಬಗ್ಗಿ ಬೆಲ್ಟಿನ ಕೊಂಡಿ ಬಿಗಿದುಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಹಗ್ಗವನ್ನು ಎತ್ತರದ ಕವಲಿಗೆ ಎಸೆದಳು. ಮೂರನೇ ಎಸೆತಕ್ಕೆ ದಾಟಿತು. ಒಂದು ತುದಿ ಅವಳ ಸೊಂಟಕ್ಕೆ. ಇನ್ನೊಂದು ತುದಿಯನ್ನು ಚಿಕ್ಕಪ್ಪ ಬಟ್ಟೆ ಒಣಗಿಸುವ ತಂತಿಯ ಕಲ್ಲುಕಂಬಕ್ಕೆ ಎರಡು ಸುತ್ತು ಹಾಕಿ, ಬಾಲವನ್ನು ಎರಡೂ ಕೈಯಲ್ಲಿ ಹಿಡಿದರು. ಎರಡು ಸುತ್ತಿದ್ದರೆ ಮಗುವೂ ಒಬ್ಬ ಆಳಿನ ಭಾರ ತಡೆಯಬಹುದು. ಅವಳು ಚೀಲವನ್ನು ಮುಟ್ಟಿ ನೋಡಿಕೊಂಡಳು. ಕೈಯಲ್ಲಿ ಗರಗಸವಿಲ್ಲದಿದ್ದರೂ ಚಿಂದಿ ಎಣಿಸದೆ ಕಾಲು ಮೇಲೇಳಲಿಲ್ಲ. ಏಳು.

ಹಗ್ಗ ಎರಡು ಸಲ ಜಗ್ಗಿತು. ಹಿಡಿದಿದ್ದೀನಿ. ಅವಳು ಹತ್ತಿದಳು.

ಮೊದಲ ಕವಲು. ಎರಡನೆಯದು. ಪರಿಚಿತ ತೊಗಟೆ ಅಂಗೈಗೆ ಒರಟಾಗಿ ಸಿಕ್ಕಿತು. ತಾನೇ ಸವರಿದ ಗಾಯಗಳು ಒಂದೊಂದಾಗಿ ಎದುರಾದವು, ಪ್ರತಿಯೊಂದರ ಅಂಚಿಗೂ ಮರ ಆಗಲೇ ತುಟಿಯಂತೆ ಸಣ್ಣ ಉಬ್ಬು ತಂದಿತ್ತು. ಇಪ್ಪತ್ತೊಂದು ದಿನದ ಗಾಯ ಹೀಗಿರುತ್ತದೆ. ಇದನ್ನು ಕಣ್ಣಿಗೆ ತುಂಬಿಕೋ, ಎಂದುಕೊಂಡಳು.

ಕೆಳಗೆ ಜಗುಲಿಯಲ್ಲಿ ಮುದುಕಿಯ ದನಿ ತೇಲಿ ಬಂತು. "ಆ ಕಾಗದ ನಿಮಗೆ ಸಿಕ್ತಾ?"

"ಯಾವ ಕಾಗದಮ್ಮಾ?"

"ಅವತ್ತು ಬೆಳಿಗ್ಗೆ ಬೆಂಚಿನ ಮೇಲೆ ಕೂತು ನಗರಪಾಲಿಕೆಗೆ ಬರೀತಿದ್ರಲ್ಲ. ದುಡ್ಡಿಗೆ ಮರ ಕಡಿಸೋರ ಮೇಲೆ ದೂರು, ಎರಡು ಪುಟ. ಪೆನ್ನು ಹುಲ್ಲಲ್ಲಿ ಬಿದ್ದಿತ್ತು. ಕಾಗದ ಇರಲಿಲ್ಲ."

ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಇನ್ಸ್‌ಪೆಕ್ಟರ್, "ಒಳಗೆ ನಡೀರಿ ಅಮ್ಮಾ, ಕೂತು ಹೇಳಿ. ನೀವೂ ಬನ್ನಿ," ಎಂದು ಮಗನನ್ನೂ ಕರೆದ. ಮೂವರ ಹೆಜ್ಜೆಗಳು ಒಳಗೆ ಹೋದವು.

ಅವಳು ಮುರಿದ ಕೊಂಬೆ ಹುಟ್ಟಿದ್ದ ಹೆಗ್ಗೊಂಬೆಗೆ ಬಂದಿದ್ದಳು. ನೆಲ ಐದಾಳು ಆಳದಲ್ಲಿತ್ತು. ಕೊಂಬೆಯ ಮೇಲೆ ಅಡ್ಡಡ್ಡ ಹೆಜ್ಜೆಯಿಡುತ್ತ ಹೊರಕ್ಕೆ ಸರಿದಳು. ಬೆಂಚಿನ ಮೇಲೆ, ನೇರ ಕೆಳಗೆ, ಇನ್ನೂ ತೊಳೆಯದ ಕಲೆ ಕಂಡಿತು. ಉಳಿದಿದ್ದ ಮೋಟು ಒಂದೂವರೆ ಮೊಳ ಉದ್ದವಿತ್ತು, ಅದರ ಬೆನ್ನ ಮೇಲೆ ಹೊಸ ಚಿಗುರಿನ ಪೊದೆ. ಕೊಯ್ತದ ಮುಖ ಹೊರಕ್ಕೆ ತಿರುಗಿತ್ತು. ನೋಡಬೇಕಾದರೆ ಕಾಲನ್ನು ಹೆಗ್ಗೊಂಬೆಗೆ ಒತ್ತಿ, ಮೈಯನ್ನು ಪೂರ್ತಿ ಗಾಳಿಗೆ ಚೆಲ್ಲಿ, ಹಗ್ಗದ ಮೇಲೆ ಒರಗಬೇಕು.

ಅವಳು ಒರಗಿದಳು. ಹಗ್ಗ ಬಿಗಿಯಾಗಿ ತಡೆಯಿತು.

ಅಡಿಯಿಂದ ಒಂದು ಕೊಯ್ತ, ನೇರ, ಒಂದೇ ಹಿಡಿತದ್ದು. ಮೇಲಿನಿಂದ ಇನ್ನೊಂದು. ಎರಡರ ನಡುವೆ ಎರಡು ಬೆರಳಿನಷ್ಟು ಮಾತ್ರ ಹರಿದ ನಾರು. ಮುರಿಯುವ ಮೊದಲು ಅಷ್ಟರ ಮೇಲೆ ಇಡೀ ಕೊಂಬೆ ತೂಗುತ್ತಿತ್ತು. ಬಂದು ಹೋಗುವ ಗಾಳಿಗೆ ಕಾಯುತ್ತಿತ್ತು.

ಕೆಲಸ ಬಲ್ಲ ಕೈ. ಇಷ್ಟು ಅಚ್ಚುಕಟ್ಟಾಗಿ ಕೊಯ್ಯುವುದು ಅವಳೇ.

ಅಂಚನ್ನು ಬೆರಳಿನಿಂದ ಸವರಿದಳು. ಉಬ್ಬು ಇದೆಯೋ ಇಲ್ಲವೋ? ನಾರು ಹರಿದ ಕಡೆ ಏನೂ ತಿಳಿಯಲಿಲ್ಲ. ಇದೆ ಅನ್ನಿಸಿತು, ಇಲ್ಲ ಅನ್ನಿಸಿತು. ಬೆವರು ಕಣ್ಣಿಗಿಳಿದು ಉರಿಯಿತು. ನೆನಪು ಮಾಡ್ಕೋ, ಎಂದು ತನ್ನನ್ನೇ ಬೇಡಿಕೊಂಡಳು, ಇಲ್ಲಿ ನಿಂತಿದ್ದೆಯಾ, ಇದೇ ಕೊಂಬೆಯಾ? ಬಿಳಿ ಬಿಸಿಲೊಂದೇ ಮತ್ತೆ ಮತ್ತೆ ಬಂತು.

ಆಗ ಬೆರಳಿಗೆ ಅದು ತಾಕಿತು.

ಅಡಿಯ ಕೊಯ್ತದ ಅಂಚಿನಲ್ಲಿ ಒಂದು ಚಿಗುರಿನ ಬುಡ. ಬೆರಳಿಗಿಂತ ತೆಳು, ಒಣಗಿ ಕಪ್ಪಾಗಿತ್ತು. ಅರ್ಧ ಮಾತ್ರ ಇತ್ತು. ಗರಗಸ ಅದನ್ನು ಉದ್ದಕ್ಕೆ ಸೀಳಿಕೊಂಡು ಹೋಗಿತ್ತು.

ಅವಳು ಉಸಿರು ಬಿಗಿಹಿಡಿದು ಮತ್ತೆ ನೋಡಿದಳು. ಪಕ್ಕದಲ್ಲೇ ಅವಳು ಆ ದಿನ ತೆಗೆದ ಸಣ್ಣ ರೆಂಬೆಯ ಗಾಯವಿತ್ತು. ಅದರ ಅಂಚಿನಿಂದ ಹುಟ್ಟಿದ ಚಿಗುರು ಇದು. ಸವರಿದ ಮೇಲೆ ಮಳೆಮರ ಚಿಗುರಿನ ಕಣ್ಣು ಬಿಡಲು ಎಂಟು ದಿನವಾದರೂ ಬೇಕು. ಅವರು ಕೆಲಸ ಮುಗಿಸಿ ಹೋದ ದಿನ ಈ ಚಿಗುರು ಇರಲೇ ಇಲ್ಲ. ಇರದಿದ್ದ ಚಿಗುರನ್ನು ಅವಳ ಗರಗಸ ಸೀಳುವುದು ಹೇಗೆ?

ನಾನಲ್ಲ.

ಹಗ್ಗಕ್ಕೆ ಹಣೆಯಿಟ್ಟು ಅವಳು ಬಿಕ್ಕಿದಳು. ನಾನಲ್ಲ, ನಾನಲ್ಲ. ಇದರ ಇನ್ನೊಂದರ್ಧ ಸ್ಟೇಷನ್ ಅಂಗಳದ ಕೊಂಬೆಯಲ್ಲಿ ಅಂಟಿಕೊಂಡಿದ್ದೇ ಇರುತ್ತದೆ. ಎರಡನ್ನೂ ಜೋಡಿಸಿದರೆ ಕುರುಡನಿಗೂ ಕಾಣುತ್ತದೆ. ಆರು ದಿನದಿಂದ ಹೊಟ್ಟೆಯಲ್ಲಿ ಕೂತಿದ್ದ ಕಲ್ಲು ಕರಗಿದಂತಾಯಿತು.

ಕರಗಿದ ಮೇಲೆ ಅದರ ಅಡಿಯಲ್ಲಿ ಇನ್ನೊಂದು ಕಲ್ಲು ಇತ್ತು. ಕೊಲೆ, ಎಂದಿದ್ದ ಇನ್ಸ್‌ಪೆಕ್ಟರ್.

ಬೆಳಕು ಕುಂದಿತು. ಊರಿನ ಆ ತುದಿಯಿಂದ ಮೋಡ ಮೇಲೆದ್ದು ಬಿಸಿಲನ್ನು ನುಂಗುತ್ತಿತ್ತು. ಮಳೆಮರಕ್ಕೆ ಮೋಡ ಕಂಡರೆ ಸಂಜೆಯಾಯಿತೆಂದೇ ಲೆಕ್ಕ. ಅವಳ ಸುತ್ತಲಿನ ಎಲೆಗಳು ಒಂದರ ಹಿಂದೆ ಒಂದು, ಜೋಡಿ ಜೋಡಿಯಾಗಿ, ಅಂಗೈ ಮುಚ್ಚಿದಂತೆ ಮಡಚಿಕೊಳ್ಳತೊಡಗಿದವು. ದಟ್ಟವಾಗಿದ್ದ ಪೊದೆ ಕಡ್ಡಿಗಳ ಗುಂಪಾಯಿತು. ಮೋಟಿನ ಬೆನ್ನ ಮೇಲಿನ ಚಿಗುರೂ ಮುಚ್ಚಿಕೊಂಡಿತು.

ಅದರ ನಡುವೆ ಕೆಂಪು ಕಾಣಿಸಿತು.

ಚಿಂದಿ. ಕೊಯ್ತಕ್ಕಿಂತ ಈಚೆ, ಕಾಂಡದ ಕಡೆಗೆ, ಕಟ್ಟಬೇಕಾದ ಜಾಗದಲ್ಲೇ ಕಟ್ಟಿದ್ದು.

ಕೊಲ್ಲಲು ಬಂದವನು ಎಚ್ಚರಿಕೆಯ ಚಿಂದಿ ಕಟ್ಟುತ್ತಾನೆಯೇ? ಕಟ್ಟುವುದಿಲ್ಲ. ಆದರೆ ಅಡಿಯಿಂದ ಕೊಯ್ದ ಕೂಡಲೇ ಮನಸ್ಸನ್ನು ಕೇಳದೆ ಕೆಂಪು ಕಟ್ಟುವ ಕೈಗಳು ಈ ಲೋಕದಲ್ಲಿ ಕೆಲವಿವೆ. ಅವಳು ಆ ಗಂಟನ್ನು ನೋಡಿದಳು. ಎರಡು ಸುತ್ತು, ಅಡಿಯಿಂದ ಹಿಂದಕ್ಕೆ ತೂರಿಸಿದ ಬಾಲ.

ಅಪ್ಪನ ಗಂಟು.

"ಅಯ್ಯೋ ತಮ್ಮಾ," ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಸೊಂಟದ ಚೀಲ ತಡಕಿದಳು. ಒಂದು, ಎರಡು, ಮೂರು... ಏಳು. ಏಳೂ ಇದ್ದವು. ಇದು ಎಂಟನೆಯದು.

ಅವಳ ಏಳೂ ಹಳೆಯ ಪರದೆಯಿಂದ ಹರಿದವು, ತೊಳೆದೂ ತೊಳೆದೂ ಇಟ್ಟಿಗೆ ಬಣ್ಣಕ್ಕೆ ಇಳಿದಿದ್ದವು. ಇದು ಹೊಚ್ಚಹೊಸ ಬಟ್ಟೆ, ರಕ್ತದಂಥ ಕೆಂಪು. ಗಂಟಿನ ಬಾಲವನ್ನು ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡು ಅಂಗೈಗೆ ಬಿತ್ತು. ತಿರುಗಿಸಿದಳು. ಹಿಂಬದಿಯಲ್ಲಿ ಬಿಳಿ ಬಣ್ಣದ ಅಚ್ಚು, ಸಂಖ್ಯೆಯೊಂದರ ಅರ್ಧ.

ಅವಳು ಕೆಳಗೆ, ಮರದ ಬುಡಕ್ಕೆ ಸುತ್ತಿದ್ದ ಪಾಲಿಕೆಯ ಕೆಂಪು ಬಟ್ಟೆಯನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿದಳು.

ಕೈಗೆ ಬೇರೆ ಬರಲ್ಲ, ಎಂದಿದ್ದರು.

"ಸಿಕ್ತಾ ಮಗಳೇ?"

ಚಿಕ್ಕಪ್ಪ ಮುಖ ಮೇಲೆತ್ತಿ ನಿಂತಿದ್ದರು. ತೋಟದಲ್ಲಿ ಬೇರೆ ಯಾರೂ ಇರಲಿಲ್ಲ. ಲಾರಿಯವರು ಮೊದಲ ಹನಿಗಳಿಗೆ ಲಾರಿಯೊಳಗೆ ಸೇರಿದ್ದರು. ಮನೆಯ ಕಿಟಕಿಗಳು ಮುಚ್ಚಿದ್ದವು.

"ಇಲ್ಲ ಚಿಕ್ಕಪ್ಪ," ಎಂದಳು. ದನಿ ತನ್ನದೆನ್ನಿಸಲಿಲ್ಲ. "ಏನೂ ತಿಳೀತಿಲ್ಲ. ಇಳಿಸಿ."

"ಹಾಗಾದ್ರೆ ಕೈಯಲ್ಲಿರೋ ಕೆಂಪು ಏನು?"

ಮಡಚಿಕೊಂಡ ಎಲೆಗಳ ನಡುವೆ ಅವಳು ಪೂರ್ತಿ ಕಾಣುತ್ತಿದ್ದಳು. ಅವಳು ಮುಷ್ಟಿ ಬಿಗಿದಳು.

"ನಮ್ಮದೇ ಚಿಂದಿ. ಚೀಲದ್ದು."

"ನಿನಗೆ ಚಿಕ್ಕಂದಿನಿಂದ್ಲೂ ಸುಳ್ಳು ಹೇಳೋಕೆ ಬರಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ. ದಣಿವಿತ್ತು, ಪ್ರೀತಿಯಂಥದ್ದೂ ಇತ್ತು, ಅದೇ ಅವಳನ್ನು ಹೆಚ್ಚು ಹೆದರಿಸಿತು. "ಎಷ್ಟು ಹೇಳಿದೆ, ಹತ್ತಬೇಡ ಅಂತ. ಇವತ್ತು ನಾಲ್ಕು ಗಂಟೆಗೆ ಎಲ್ಲಾ ಮುಗೀತಿತ್ತು. ಅದನ್ನ ಕೆಳಗೆ ಹಾಕು. ಆಮೇಲೆ ನಿನ್ನ ಇಳಿಸ್ತೀನಿ."

"ಇದು ಹೋದ್ರೆ ನನ್ನ ತಮ್ಮ..."

"ಒಂದೆರಡು ವರ್ಷದಲ್ಲಿ ಬರ್ತಾನೆ. ನಾನು ನೋಡ್ಕೋತೀನಿ. ಹಾಕು ಮಗಳೇ."

ಆಗ ಅವಳಿಗೆ ಅವರ ನಿಲುವು ಕಂಡಿತು. ಅವಳ ಭಾರ ತಡೆಯಲು ಅವರು ಹಿಂದಕ್ಕೆ ವಾಲಿ, ಬಲಗಾಲನ್ನು ಕಲ್ಲುಕಂಬಕ್ಕೆ ಒತ್ತಿಕೊಂಡಿದ್ದರು. ಒಂಬತ್ತು ವರ್ಷಗಳಿಂದ ಮಡಚದ ಆ ಕಾಲು ಮೊಣಕಾಲಿನಲ್ಲಿ ಸಲೀಸಾಗಿ ಮಡಚಿತ್ತು, ಮರ ಹತ್ತುವವನ ಕಾಲಿನಂತೆ.

ಹೆಗ್ಗೊಂಬೆ ಹಿಡಿಯಲು ಅವಳು ಕೈ ಚಾಚಿದಳು. ಒಂದು ಗೇಣು ಸಾಲಲಿಲ್ಲ. ಮೈ ಎಳೆದುಕೊಳ್ಳಬೇಕಾದರೆ ಕೆಳಗಿನಿಂದ ಹಗ್ಗ ಬಿಗಿಯಬೇಕು.

"ಸಾರ್!" ಎಂದು ಮನೆಯ ಕಡೆಗೆ ಕಿರುಚಿದಳು. "ಸಾರ್, ಹೊರಗೆ ಬನ್ನಿ!"

ಅದೇ ಹೊತ್ತಿಗೆ ಲಾರಿಯ ಹಿಂಬದಿಯಲ್ಲಿ ಯಾರೋ ಯಂತ್ರದ ಗರಗಸವನ್ನು ಪರೀಕ್ಷೆಗೆಂದು ಚಾಲೂ ಮಾಡಿದರು. ಅವಳ ಕೂಗು ಅದರ ಅಬ್ಬರದಲ್ಲಿ ಅಡಗಿಹೋಯಿತು. ಚಿಕ್ಕಪ್ಪನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರು ಎಡಗೈ ಚಾಚಿ ಅಂಗೈ ಬಿಡಿಸಿದರು. ಹಾಕು.

ಅವಳು ಚಿಂದಿಯನ್ನು ಬಾಯಿಗಿಟ್ಟು ಹಲ್ಲಿನಿಂದ ಕಚ್ಚಿ ಹಿಡಿದಳು. ಎರಡೂ ಕೈಯಲ್ಲಿ ಹಗ್ಗವನ್ನು ಅವಚಿಕೊಂಡಳು.

ಚಿಕ್ಕಪ್ಪ ತಲೆಯಾಡಿಸಿದರು, ಹಟ ಮಾಡುವ ಮಗುವನ್ನು ನೋಡಿದ ಹಾಗೆ. ಆಮೇಲೆ ಕಂಬಕ್ಕೆ ಸುತ್ತಿದ್ದ ಎರಡು ಸುತ್ತಿನಲ್ಲಿ ಒಂದನ್ನು ನಿಧಾನವಾಗಿ ಬಿಚ್ಚಿದರು.

ಹಗ್ಗ ಅವಳ ಕೈಯಲ್ಲಿ ಒಂದು ಸಲ ಜಗ್ಗಿತು. ಒಂದೇ ಸಲ.